ಬೇರೆ ಕೆಲಸಕ್ಕೆ ಬರೆದ ಕೋಡ್

ಸಂಶಯ ಒಂದು ರೋಗ ಎಂದು ನನ್ನ ಯಜಮಾನರು ಹೇಳುತ್ತಿದ್ದರು. ಅಂಗಡಿಯವ ತೂಗಿ ಕೊಟ್ಟ ಸಕ್ಕರೆಯನ್ನು ಮನೆಗೆ ತಂದು ಇನ್ನೊಮ್ಮೆ ತೂಗುವವಳು ನಾನು. ಕಂಡಕ್ಟರ್ ಬಾಗಿಲಲ್ಲಿ ನಿಂತು "ಸುಳ್ಯ, ಸುಳ್ಯ" ಎಂದು ಕೂಗುತ್ತಿದ್ದರೂ ಬೋರ್ಡು ನೋಡದೆ ಬಸ್ಸು ಹತ್ತಿದವಳಲ್ಲ. ಮನೆಯಲ್ಲಿ ಈ ಗುಣಕ್ಕೆ ಬೈಸಿಕೊಂಡೆ, ಆಫೀಸಿನಲ್ಲಿ ಇದೇ ಗುಣಕ್ಕೆ ಸಂಬಳ ಸಿಕ್ಕಿತು.

ನಾನಿದ್ದದ್ದು ಪುತ್ತೂರಿನ ಒಂದು ಸಣ್ಣ ಆರೋಗ್ಯ ಸಮೀಕ್ಷಾ ಕೇಂದ್ರದಲ್ಲಿ. ಹೆಸರು ಬೇಡ. ಅಲ್ಲಿದ್ದವರು ಈಗಲೂ ಪೇಟೆಯಲ್ಲಿ ಎದುರು ಸಿಗುತ್ತಾರೆ. ಕ್ಷೇತ್ರ ಕಾರ್ಯಕರ್ತರು ಮನೆಮನೆಗೆ ಹೋಗಿ ಕೇಳಿ ತಂದ ಉತ್ತರಗಳು ಕಂಪ್ಯೂಟರಿಗೆ ಸೇರುತ್ತಿದ್ದವು. ಅವುಗಳನ್ನು ಶುದ್ಧಮಾಡಿ, ಲೆಕ್ಕ ಹಾಕಿ, ವರದಿಗೆ ಬೇಕಾದ ಕೋಷ್ಟಕ ಮಾಡಿಕೊಡುವುದು ನಮ್ಮ ಅಂಕಿಅಂಶ ವಿಭಾಗದ ಕೆಲಸ. ಯಾವುದರ ನಂತರ ಯಾವುದನ್ನು ಮಾಡಬೇಕು ಎಂದು ಸಾಲುಸಾಲಾಗಿ ಬರೆದು ಕಂಪ್ಯೂಟರಿಗೆ ಕೊಡುತ್ತೇವೆ. ಆ ಬರಹವೇ ಸ್ಕ್ರಿಪ್ಟ್, ಅದರ ಸಾಲುಗಳೇ ಕೋಡ್. ಈಗ ಈ ಕೆಲಸಕ್ಕೆ ಬರುವ ಮಕ್ಕಳು ನನ್ನಲ್ಲಿ ಯಾವ ಸಾಫ್ಟ್‌ವೇರ್ ಕಲಿಯಬೇಕೆಂದು ಕೇಳುತ್ತಾರೆ. ಸಾಫ್ಟ್‌ವೇರ್ ನೀವು ಹೇಗೂ ಕಲಿಯುತ್ತೀರಿ. ಆದರೆ ನಿಮ್ಮ ಕೆಲಸದ ಮುಕ್ಕಾಲು ಪಾಲು ಇನ್ನೊಬ್ಬರು ಬರೆದಿಟ್ಟ ಕೋಡನ್ನು ತೆಗೆದು ಮತ್ತೆ ಬಳಸುವುದೇ ಆಗಿರುತ್ತದೆ. ಅದರ ಬಗ್ಗೆ ಯಾರೂ ನಿಮಗೆ ಹೇಳುವುದಿಲ್ಲ, ನಾನು ಹೇಳುತ್ತೇನೆ.

ನಾನು ಸೇರಿದ ಕಾಲದಲ್ಲಿ ಮರುಬಳಕೆ ಎಂದರೆ ಕಾಪಿ-ಪೇಸ್ಟ್. ಪುತ್ತೂರು ತಾಲೂಕಿಗೆ ಬರೆದದ್ದನ್ನು ಕೆಳಗೆ ಅಂಟಿಸಿ, ಪುತ್ತೂರು ಎಂದಿದ್ದಲ್ಲಿ ಸುಳ್ಯ ಎಂದು ಬದಲಿಸಿದರೆ ಸುಳ್ಯದ ಕೋಷ್ಟಕ ತಯಾರು. ಬದಲಿಸಬೇಕಾದ ಜಾಗ ಒಂದು ತಪ್ಪಿದರೂ ಕಂಪ್ಯೂಟರ್ ತಕರಾರು ಮಾಡುವುದಿಲ್ಲ. ಒಮ್ಮೆ ಶಾಲಾಮಕ್ಕಳ ರಕ್ತಹೀನತೆಯ ವರದಿಯಲ್ಲಿ ಶೀರ್ಷಿಕೆ ಸುಳ್ಯದ್ದಾಗಿತ್ತು, ಒಳಗಿನ ಅಂಕಿ ಪುತ್ತೂರಿನದ್ದು. ಸಭೆಯಲ್ಲಿ ಸುಳ್ಯದ ಹಿರಿಯ ವೈದ್ಯರೊಬ್ಬರು ಕನ್ನಡಕ ಹಣೆಗೇರಿಸಿ ಎರಡು ಪುಟಗಳನ್ನು ಅಕ್ಕಪಕ್ಕ ಹಿಡಿದು ನೋಡಿದರು.

"ಎಂತ ಮಾರಾಯ್ರೆ, ಪುತ್ತೂರಿನ ಮಕ್ಕಳೂ ಸುಳ್ಯದ ಮಕ್ಕಳೂ ಅವಳಿಜವಳಿಯಾ? ದಶಾಂಶ ಸಹ ಬದಲಾಗ್ಲಿಲ್ಲ!"

ಸಭೆ ನಕ್ಕಿತು. ನಮ್ಮ ನಿರ್ದೇಶಕರು ನಗಲಿಲ್ಲ. ಅವರು ವೈದ್ಯರು. ಬಿಳಿ ಅಂಗಿಯ ಕಿಸೆಯಲ್ಲಿ ಸದಾ ಎರಡು ಪೆನ್ನು ಇರುತ್ತಿದ್ದವು. ಮಾತು ಕಡಿಮೆ. ಯಾರ ಮೇಲೆ ಸಿಟ್ಟು ಬಂದಿದೆ ಎಂದು ಅವರ ಮುಖದಿಂದ ಓದಲಿಕ್ಕೆ ಸಾಧ್ಯವೇ ಇರಲಿಲ್ಲ. ಪುತ್ತೂರಿಗೆ ಹಿಂದಿರುಗುವಾಗ ಕಾರಿನಲ್ಲಿ ಒಂದೇ ಮಾತು ಹೇಳಿದರು: "ಇನ್ನು ಕಾಪಿ ಮಾಡುವ ಅಭ್ಯಾಸ ಬಿಡಿ."

ಆ ಜವಾಬ್ದಾರಿ ಹೊತ್ತವನು ನಮ್ಮ ವಿಭಾಗದ ಜಯರಾಮ. ನನಗಿಂತ ಎಷ್ಟೋ ಚಿಕ್ಕವನು, ನನಗಿಂತ ಎಷ್ಟೋ ಚುರುಕಿನವನು. ಮತ್ತೆ ಮತ್ತೆ ಬೇಕಾಗುವ ಕೋಡಿನ ತುಂಡುಗಳನ್ನೆಲ್ಲ ಅವನು ಒಂದು ಫೈಲಿನಲ್ಲಿ ಇಟ್ಟು, ಪ್ರತಿಯೊಂದಕ್ಕೂ ಹೆಸರು ಕೊಟ್ಟ. ವಯಸ್ಸಿನ ಗುಂಪು ಮಾಡುವುದಕ್ಕೆ ಒಂದು, ಊರಿನಿಂದ ತಾಲೂಕು ಗುರುತಿಸುವುದಕ್ಕೆ ಒಂದು, ಎರಡು ಸಮಯಗಳ ನಡುವಿನ ಅವಧಿ ಲೆಕ್ಕ ಹಾಕುವುದಕ್ಕೆ ಒಂದು. ಯಾವ ಸಮೀಕ್ಷೆಯೇ ಇರಲಿ, ಸ್ಕ್ರಿಪ್ಟಿನಲ್ಲಿ ಆ ಹೆಸರು ಬರೆದರೆ ಸಾಕು, ಕೆಲಸ ಮುಗಿಯಿತು. ನಾವು ಅದನ್ನು ಬುಟ್ಟಿ ಎಂದು ಕರೆಯುತ್ತಿದ್ದೆವು.

ಬುಟ್ಟಿಯ ಉಪಕಾರವನ್ನು ಅಲ್ಲಗಳೆಯಲಾರೆ. ಕಡಬ ಬೇರೆ ತಾಲೂಕಾದಾಗ ಹಳೆಯ ಸ್ಕ್ರಿಪ್ಟುಗಳಲ್ಲಿ ಎರಡೇ ತಾಲೂಕುಗಳಿದ್ದವು. ಕಾಪಿ ಮಾಡಿದ ಒಂದು ಜಾಗದಲ್ಲಿ ತಿದ್ದುಪಡಿ ಬಿಟ್ಟುಹೋಗಿ ಕಡಬದ ಜನರೆಲ್ಲ 'ಇತರೆ' ಎಂಬ ಸಾಲಿಗೆ ಬಿದ್ದರು. ಅಲ್ಲಿನ ಆರೋಗ್ಯ ಕೇಂದ್ರದಿಂದ ಫೋನು ಬಂತು: "ನಾವೆಂತ ಸ್ವಾಮಿ, ಇತರೆಯಾ?" ಬುಟ್ಟಿಯಲ್ಲಿಯಾದರೆ ಒಂದೇ ಕಡೆ ತಿದ್ದಿದರಾಯಿತು. ಜಯರಾಮನ ಮೇಲೆ ನಿರ್ದೇಶಕರಿಗೆ ಭರವಸೆ ಹುಟ್ಟಿತು. ಬುಟ್ಟಿಯನ್ನು ಬಿಚ್ಚಿ ನೋಡುವ ಅಭ್ಯಾಸ ಕ್ರಮೇಣ ಎಲ್ಲರಿಗೂ ತಪ್ಪಿತು.

ಆಗ ಬಂದದ್ದು ಹಾವು ಕಡಿತದ ಸಮೀಕ್ಷೆ. ಮೂರು ತಾಲೂಕುಗಳಲ್ಲಿ ಹಾವು ಕಚ್ಚಿಸಿಕೊಂಡವರು ಎಷ್ಟು ಹೊತ್ತಿನಲ್ಲಿ ಆಸ್ಪತ್ರೆಗೆ ಮುಟ್ಟುತ್ತಾರೆ, ವಿಷಕ್ಕೆ ಪ್ರತಿಯಾಗಿ ಕೊಡುವ ಚುಚ್ಚುಮದ್ದನ್ನು ಯಾವ ಯಾವ ಆರೋಗ್ಯ ಕೇಂದ್ರದಲ್ಲಿ ರಾತ್ರಿಯೂ ಸಿಗುವಂತೆ ಇಡಬೇಕು ಎಂಬುದು ಪ್ರಶ್ನೆ. ನಮ್ಮ ವರದಿ ನೋಡಿ ಇಲಾಖೆಯವರು ತೀರ್ಮಾನ ಮಾಡುವವರಿದ್ದರು. ಗುಂಡ್ಯದ ಸುತ್ತಿನ, ಶಿರಾಡಿ ಘಾಟಿಯ ಬುಡದ ಊರುಗಳಿಗೆ ಹೋದವನು ಪುರುಷೋತ್ತಮ. ಮರ್ಕಂಜದವನು, ಮನೆಯಲ್ಲಿ ಸುಳ್ಯದ ಅರೆಭಾಷೆ ಆಡುವವನು. ನನ್ನ ತವರೂ ಸುಳ್ಯದ ಕಡೆಯಾದ್ದರಿಂದ ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದ. ಹಳೆಯ ಬೈಕಿನಲ್ಲಿ ಕಾಡುದಾರಿಯೆಲ್ಲ ಸುತ್ತುತ್ತಿದ್ದ, ತುಂಬ ಮಾತನಾಡುತ್ತಿದ್ದ. ಅವನು ತುಂಬಿಸಿ ತರುವ ನಮೂನೆಗಳು ಮಾತ್ರ ಅತಿ ಚೊಕ್ಕವಾಗಿರುತ್ತಿದ್ದವು. ಒಂದು ಚಿತ್ತುಕಾಟು ಇಲ್ಲ, ಒಂದು ಮಳೆಹನಿಯ ಕಲೆಯಿಲ್ಲ. ಕ್ಷೇತ್ರದಿಂದ ಬಂದ ಕಾಗದ ಅಷ್ಟು ಚೊಕ್ಕವಿದ್ದರೆ ನನಗೆ ಒಳಗೊಳಗೆ ಕಿರಿಕಿರಿ.

ಕರಡು ವರದಿ ತಯಾರಾಯಿತು. ಹಗಲು ಕಡಿತವೇ ಹೆಚ್ಚು, ಜನ ಬೇಗನೆ ಆಸ್ಪತ್ರೆ ಸೇರುತ್ತಾರೆ, ಘಾಟಿಯ ಬುಡದ ಕೇಂದ್ರದಲ್ಲಿ ರಾತ್ರಿ ಔಷಧಿಯ ವ್ಯವಸ್ಥೆ ಅಗತ್ಯವಿಲ್ಲ ಎಂದು ಅದು ಹೇಳಿತು. ಅದರ ಜೊತೆಗೆ ಜಯರಾಮ ಇನ್ನೊಂದು ಹಾಳೆಯನ್ನೂ ನಿರ್ದೇಶಕರ ಮೇಜಿನ ಮೇಲಿಟ್ಟ. ಅವಧಿ ಲೆಕ್ಕ ಹಾಕುವಾಗ ತಪ್ಪೆಂದು ತಿರಸ್ಕೃತವಾದ ನಮೂನೆಗಳಲ್ಲಿ ಹೆಚ್ಚಿನವು ಪುರುಷೋತ್ತಮನವು. ಮರುದಿನ ಅವನನ್ನು ಕರೆಸಿದರು. ನಾನೂ ಅಲ್ಲಿದ್ದೆ.

"ಮನೆಗಳಿಗೆ ಹೋಗಿದ್ದೀಯಾ, ಇಲ್ಲ ಗುಂಡ್ಯದ ಹೋಟೆಲಿನಲ್ಲಿ ಕೂತು ಬರೆದದ್ದಾ?" ನಿರ್ದೇಶಕರು ಕೇಳಿದರು.

"ಹೋಗದೆ ಎಂತ ಸಾರ್? ನಾಯಿ ಅಟ್ಟಿಸಿಕೊಂಡು ಬಂದ ಮನೆಗೂ ಹೋಗಿದ್ದೇನೆ."

ಜಯರಾಮ ಹಾಳೆಯನ್ನು ಬೆರಳಿನಿಂದ ಕುಟ್ಟಿದ. "ಇವರೆಲ್ಲ ಮೊದಲು ಆಸ್ಪತ್ರೆಗೆ ಮುಟ್ಟಿ, ಆಮೇಲೆ ಹಾವು ಕಚ್ಚಿಸಿಕೊಂಡವರು. ಇಂಥ ಜನ ನಿನಗೆ ಮಾತ್ರ ಹೇಗೆ ಸಿಗುದು ಪುರುಷೋತ್ತಮ?"

ಅವನು ಹಾಳೆ ನೋಡಿದ. ಅದರಲ್ಲಿದ್ದದ್ದು ನಮೂನೆಯ ಸಂಖ್ಯೆ, ಅದರೆದುರು ಮೈನಸ್ ಚಿಹ್ನೆ ಹಾಕಿದ ನಿಮಿಷಗಳು, ಅಷ್ಟೇ. ಅವನಿಗೆ ಏನೂ ಅರ್ಥವಾದಂತೆ ಕಾಣಲಿಲ್ಲ. "ಅವ್ರು ಹೇಳಿದ್ದನ್ನೇ ಬರೆದದ್ದು," ಎಂದ. ಕಿವಿ ಕೆಂಪಾಗಿತ್ತು. ತನಿಖೆ ಮುಗಿಯುವವರೆಗೆ ಕ್ಷೇತ್ರಕ್ಕೆ ಹೋಗಬಾರದು, ಸುಳ್ಳೆಂದು ಖಚಿತವಾದರೆ ಕೆಲಸ ಬಿಡಬೇಕು ಎಂದರು ನಿರ್ದೇಶಕರು. ಈ ವೃತ್ತಿಯಲ್ಲಿ ಸುಳ್ಳು ನಮೂನೆ ತುಂಬಿಸಿದವನು ಎಂಬ ಹೆಸರು ಒಮ್ಮೆ ಬಂದರೆ ಜಿಲ್ಲೆಯಲ್ಲಿ ಇನ್ನಾವ ಸಂಸ್ಥೆಯೂ ಹತ್ತಿರ ಸೇರಿಸುವುದಿಲ್ಲ.

ತನಿಖೆಗೆ ನಾನೇ ಹೋಗುತ್ತೇನೆ ಎಂದೆ. ಅವನ ಮೇಲಿನ ಕರುಣೆಯಿಂದಲ್ಲ. ನನಗೂ ಅವನ ಮೇಲೆ ಸಂಶಯವಿತ್ತು. ಜಯರಾಮ ಅಷ್ಟು ಖುಷಿಯಿಂದ ಹಾಳೆ ಕುಟ್ಟಿದ್ದರ ಮೇಲೂ ಸಂಶಯವಿತ್ತು.

ಜೀಪಿನಲ್ಲಿ ಪುರುಷೋತ್ತಮನನ್ನು ದಾರಿ ತೋರಿಸಲು ಕರೆದುಕೊಂಡು ಹೋದೆ. "ಯಾರ ಮನೆಗೆ ಅಕ್ಕ?" ಎಂದು ಕೇಳಿದ. "ಗುಂಡ್ಯ ಮುಟ್ಟಿದ ಮೇಲೆ ಹೇಳ್ತೇನೆ," ಎಂದೆ. ಅವನ ಫೋನು ರಿಂಗಾದಾಗ ತಿರುಗಿ ನೋಡಿದೆ. ಅವನು ಅದನ್ನು ಆಫ್ ಮಾಡಿ ನನ್ನ ಮಡಿಲಿಗೆ ಹಾಕಿ ಕಿಟಕಿಯ ಕಡೆ ಮುಖ ತಿರುಗಿಸಿದ.

ತಿರಸ್ಕೃತ ನಮೂನೆಗಳಿಂದ ನಾನು ಆರಿಸಿದ ಮನೆ ತೋಮಸ್ ಎಂಬವನದು. ಹೆದ್ದಾರಿ ಬದಿಯ ಹೋಟೆಲಿನಲ್ಲಿ ಪರೋಟ ಮಾಡುವವನು. ಮನೆ ಇದೆಯೋ ಇಲ್ಲವೋ ಎಂಬುದೇ ನನ್ನ ಮೊದಲ ಪ್ರಶ್ನೆಯಾಗಿತ್ತು. ಮನೆ ಇತ್ತು. ತೋಮಸ್ ಕೂಡ ಇದ್ದ, ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಜೀಪು ನೋಡಿ ಅವನಿಗೆ ನಮ್ಮ ಮೇಲೆಯೇ ಸಂಶಯ.

"ನೀವು ಫಾರೆಸ್ಟಿನವರಾ?"

ಅಲ್ಲವೆಂದು ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು. ಪುರುಷೋತ್ತಮನನ್ನು ಗುರುತಿಸಿದ ಮೇಲೆ ಸಡಿಲವಾದ. ಪುರುಷೋತ್ತಮನನ್ನು ಜೀಪಿನ ಹತ್ತಿರವೇ ನಿಲ್ಲಲು ಹೇಳಿ, ನಾನೊಬ್ಬಳೇ ಹೋಗಿ ಮೊದಲಿನಿಂದ ಹೇಳಲು ತೋಮಸನನ್ನು ಕೇಳಿಕೊಂಡೆ.

"ಹೋಟೆಲ್ ಬಂದ್ ಮಾಡಿ ಪಾತ್ರೆ ತೊಳೆಯುವ ಕಡೆಯಿಂದ ಬರ್ತಾ ಇದ್ದೆ ಮೇಡಂ. ಲೈಟ್ ಆರಿಸಿ ಆಗಿತ್ತು. ಕಾಲಿನ ಅಡಿಗೆ ಎಂತದೋ ಮೆತ್ತಗೆ ಆಯ್ತು, ಕೂಡ್ಲೇ ಉರಿ. ಇಲ್ಲಿ ಹತ್ತಿರದ ಆಸ್ಪತ್ರೆಗೆ ಬೀಗ. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಘಾಟಿ ಇಳಿದು ಬಂದ ಟೊಮೆಟೊ ಲಾರಿಯವ ಹತ್ತಿಸಿಕೊಂಡ, ಅವನ ಹೆಸರು ಸಹ ಕೇಳ್ಲಿಲ್ಲ ನಾನು. ಒಂದು ದಿನ ಕಚ್ಚಿದ್ದು, ಮರುದಿನ ಆಸ್ಪತ್ರೆ. ಅಷ್ಟೊತ್ತಿಗೆ ಕಾಲು ಊದಿ ಪ್ಯಾಂಟು ಕತ್ತರಿಸಬೇಕಾಯ್ತು."

"ಮರುದಿನವಾ? ಬೆಳಗಾಗಿತ್ತಾ?"

"ಬೆಳಗೆಲ್ಲಿ ಮೇಡಂ! ಹನ್ನೆರಡು ಕಳೆದಿತ್ತು. ಹನ್ನೆರಡು ಕಳೆದ್ರೆ ಮರುದಿನವೇ ಅಲ್ವಾ? ಆಸ್ಪತ್ರೆ ಚೀಟಿಯಲ್ಲಿ ಹಾಗೆಯೇ ಹಾಕಿದ್ದು."

ಅವನು ಕಾಲು ಎತ್ತಿ ತೋರಿಸಿದ. ಎರಡು ಬೆರಳು ಇರಲಿಲ್ಲ. ನಾನು ಅದನ್ನು ನೋಡುತ್ತಿದ್ದೆ, ಆದರೆ ಮನಸ್ಸು ಪುತ್ತೂರಿನ ಕಂಪ್ಯೂಟರಿನ ಮುಂದೆ ಹೋಗಿ ಕೂತಿತ್ತು. ನಮ್ಮ ನಮೂನೆಯಲ್ಲಿ ತಾರೀಕು ಒಂದೇ, ಕಚ್ಚಿದ ದಿನದ್ದು. ಸಮಯ ಎರಡು, ಇಪ್ಪತ್ತನಾಲ್ಕು ಗಂಟೆಯ ರೈಲ್ವೆ ಲೆಕ್ಕದಲ್ಲಿ: ಕಚ್ಚಿದ್ದು ರಾತ್ರಿ ಹನ್ನೊಂದು, ಅಂದರೆ ಇಪ್ಪತ್ತಮೂರು, ಆಸ್ಪತ್ರೆ ಸೇರಿದ್ದು ಒಂದು. ಒಂದರಿಂದ ಇಪ್ಪತ್ತಮೂರು ಕಳೆದರೆ?

ಹಿಂದಿರುಗುವಾಗ ಪುರುಷೋತ್ತಮ ಫೋನು ವಾಪಸು ತೆಗೆದುಕೊಳ್ಳುತ್ತ ಕೇಳಿದ, "ಈಗಾದ್ರೂ ನಂಬಿಕೆ ಬಂತಾ ಅಕ್ಕ?"

"ನೀನು ಆ ಮನೆಗೆ ಹೋದದ್ದು ಹೌದು. ಉಳಿದದ್ದು ನೋಡ್ಲಿಕ್ಕುಂಟು," ಎಂದೆ. ಕೋಡು ಕಣ್ಣಾರೆ ನೋಡದೆ ಸಮಾಧಾನದ ಮಾತು ಕೊಡುವುದು ನನ್ನಿಂದಾಗದು. ಅವನಿಗೆ ಅದು ಕಲ್ಲುಮನಸ್ಸಾಗಿ ಕಂಡಿರಬೇಕು.

ಆಫೀಸಿಗೆ ಬಂದು ಬುಟ್ಟಿ ಬಿಚ್ಚಿದೆ. ಅವಧಿ ಲೆಕ್ಕ ಹಾಕುವ ಕೋಡು ತುಂಬ ಚಂದವಾಗಿತ್ತು, ಜಯರಾಮನ ಕೈ ಅಂಥದು. ಕೊನೆಯ ಸಮಯದಿಂದ ಮೊದಲ ಸಮಯ ಕಳೆ, ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ತಪ್ಪು ನಮೂದು, ಆ ವ್ಯಕ್ತಿಯನ್ನೇ ತೆಗೆದುಹಾಕು. ಇದನ್ನು ಅವನು ಮೊದಲು ಬರೆದದ್ದು ಹೊರರೋಗಿಗಳು ವೈದ್ಯರಿಗಾಗಿ ಎಷ್ಟು ಹೊತ್ತು ಕಾಯುತ್ತಾರೆ ಎಂಬ ಸಮೀಕ್ಷೆಗೆ. ಹೊರರೋಗಿ ವಿಭಾಗ ಬೆಳಿಗ್ಗೆ ತೆರೆದು ಸಂಜೆ ಮುಚ್ಚುತ್ತದೆ. ಅಲ್ಲಿ ಯಾರೂ ಮಧ್ಯರಾತ್ರಿ ದಾಟುವುದಿಲ್ಲ. ಅಲ್ಲಿ ಮೈನಸ್ ಎಂದರೆ ಬರೆದವನ ತಪ್ಪೇ. ಆ ಕೆಲಸಕ್ಕೆ ಆ ಕೋಡು ಪೂರ್ತಿ ಸರಿ. ಹಾವಿಗೆ ಮಾತ್ರ ಆಸ್ಪತ್ರೆಯ ವೇಳಾಪಟ್ಟಿ ಗೊತ್ತಿಲ್ಲ. ರಾತ್ರಿ ಕಚ್ಚಿಸಿಕೊಂಡು, ವಾಹನ ಸಿಗದೆ, ತಡವಾಗಿ ಮುಟ್ಟಿದವರನ್ನೇ ಆರಿಸಿ ಆರಿಸಿ ಆ ಕೋಡು ಹೊರಗೆ ಹಾಕಿತ್ತು. ಹಾಗೆ ಹಾಕಿದ ಮೇಲೆ ಉಳಿದವರನ್ನು ನೋಡಿ, ಹಗಲು ಕಡಿತವೇ ಹೆಚ್ಚು, ಜನ ಬೇಗನೆ ಮುಟ್ಟುತ್ತಾರೆ ಎಂದು ನಾವು ಬರೆದಿದ್ದೆವು.

ಜಯರಾಮನನ್ನು ಕರೆದು ತೋರಿಸಿದೆ.

"ಕೋಡು ಸರಿಯೇ ಉಂಟಲ್ಲ ಮೇಡಂ. ಇಷ್ಟು ವರ್ಷ ಓಡಿದೆ, ಯಾರೂ ಎಂತದೂ ಹೇಳ್ಲಿಲ್ಲ."

"ಅದಕ್ಕೇ ನನಗೆ ಹೆದರಿಕೆ."

"ಅವನನ್ನು ಉಳಿಸ್ಲಿಕ್ಕೆ ನನ್ನ ಮೇಲೆ ಹಾಕುದಾ? ನಿಮ್ಮ ಊರಿನವ ಅಂತ?"

ಈ ಮಾತು ನನಗೆ ನಾಟಿತು. ಆದರೆ ಅವನ ಜಾಗದಲ್ಲಿ ನಾನಿದ್ದರೆ ನಾನೂ ಹಾಗೆಯೇ ಸಂಶಯಪಡುತ್ತಿದ್ದೆ. ವಾದ ಮಾಡಲಿಲ್ಲ. ತಿರಸ್ಕೃತವಾದ ನಮೂನೆಗಳ ಎರಡೂ ಸಮಯಗಳನ್ನು ಪರದೆಯ ಮೇಲೆ ತರಲು ಅವನಿಗೇ ಹೇಳಿದೆ. ಅವನು ತಂದ. ಮೇಲಿಂದ ಕೆಳಗೆ ಓದುತ್ತ ಹೋದ. ರಾತ್ರಿ ಹತ್ತು ಗಂಟೆಗೆ ಕಚ್ಚಿ ಹನ್ನೆರಡೂವರೆಗೆ, ಹನ್ನೊಂದೂವರೆಗೆ ಕಚ್ಚಿ ಎರಡಕ್ಕೆ. ಅರ್ಧದಲ್ಲಿ ನಿಂತು ಮೌಸಿನಿಂದ ಕೈ ತೆಗೆದ. "ಅಯ್ಯೋ ದೇವರೇ," ಎಂದ, ಬಹಳ ಮೆಲ್ಲಗೆ. ಆಮೇಲೆ ಯಾರೂ ಹೇಳದೆಯೇ ಅಂಥವರಿಗೆ ಒಂದು ದಿನ ಕೂಡಿಸಿ ಮತ್ತೆ ಲೆಕ್ಕ ಹಾಕಿದ. ಘಾಟಿಯ ಬುಡದ ಊರುಗಳ ಕೋಷ್ಟಕ ಪೂರ್ತಿ ಮಗುಚಿ ಬಿತ್ತು. ಅತ್ಯಂತ ತಡವಾಗಿ ಔಷಧಿ ಸಿಗುವ ಜಾಗವೇ ಅದು.

ಇಬ್ಬರೂ ಸೇರಿ ನಿರ್ದೇಶಕರ ಕೋಣೆಗೆ ಹೋದೆವು. ಅವರು ಎರಡೂ ಕೋಷ್ಟಕ ನೋಡಿದರು. ಒಂದೇ ತಾರೀಕಿನ ಆ ನಮೂನೆಯನ್ನು ತಯಾರಿಸಿದವರು ಅವರೇ. ಎರಡೂ ಹಾಳೆಗಳನ್ನು ಮಡಚಿಟ್ಟು ಕೇಳಿದರು:

"ಇದನ್ನು ಯಾರ್ಯಾರಿಗೆ ಹೇಳಿದ್ದೀರಿ, ದೇವಕಿ?"

ಆ ಪ್ರಶ್ನೆ ಇಂದಿಗೂ ನನ್ನ ತಲೆಯಲ್ಲಿ ಸುತ್ತುತ್ತದೆ. ತಪ್ಪಿನ ಸುದ್ದಿ ಹೊರಗೆ ಹೋಗುವ ಮೊದಲು ತಿದ್ದಬೇಕು ಎಂಬ ಎಚ್ಚರಿಕೆಯಿಂದ ಕೇಳಿದ್ದೋ, ಹೊರಗೆ ಹೋಗದಿದ್ದರೆ ತಿದ್ದುವುದೇ ಬೇಡ ಎಂಬ ಯೋಚನೆಯಿಂದ ಕೇಳಿದ್ದೋ? ಘಾಟಿಯ ಬುಡದಲ್ಲಿ ರಾತ್ರಿ ವ್ಯವಸ್ಥೆ ಬೇಡ ಎಂಬ ಉತ್ತರ ಇಲಾಖೆಗೆ ಅನುಕೂಲವಾಗಿತ್ತು, ಅದನ್ನು ನಾನು ಬಲ್ಲೆ. ಅವರಿಗೂ ಅನುಕೂಲವಾಗಿತ್ತೇ ಎಂದು ಗೊತ್ತಿಲ್ಲ.

"ಜಯರಾಮನಿಗೆ ಮಾತ್ರ," ಎಂದೆ. "ಪುರುಷೋತ್ತಮನಿಗೆ ನೀವೇ ಹೇಳಿದ್ರೆ ಒಳ್ಳೆದು ಸಾರ್. ಕಳ್ಳ ಅಂದದ್ದು ಇದೇ ಕೋಣೆಯಲ್ಲಿ."

ಅವರು ಪೆನ್ನು ತೆಗೆದರು, ಮತ್ತೆ ಕಿಸೆಗೆ ಸಿಕ್ಕಿಸಿದರು. ಕೊನೆಗೆ, ಆಗಲೇ ಇಲಾಖೆಗೆ ಹೋಗಿದ್ದ ಕರಡನ್ನು ಹಿಂದಕ್ಕೆ ತರಿಸಿದರು, ತಿದ್ದಿದ ವರದಿ ಕಳುಹಿಸಿದರು. ಮುಂದೆ ಅಲ್ಲಿ ಔಷಧಿ ಇಡಲು ಒಂದು ಫ್ರಿಜ್ ಬಂತು. ರಾತ್ರಿ ನರ್ಸ್ ಬರಲು ಇನ್ನಷ್ಟು ಕಾಲ ಹಿಡಿಯಿತು. ಅಲ್ಲಿಯವರೆಗೆ ಫ್ರಿಜ್ಜಿಗೂ ಬೀಗವೇ ಎಂದು ತೋಮಸ್ ಫೋನಿನಲ್ಲಿ ನಗಾಡಿದ.

ಪುರುಷೋತ್ತಮನನ್ನು ಕರೆಸಿ ನಿರ್ದೇಶಕರು "ತಪ್ಪು ನಿನ್ನದಲ್ಲ" ಎಂದರು. ಯಾರದೆಂದು ಹೇಳಲಿಲ್ಲ. ಅವನು ಕೆಲಸಕ್ಕೆ ಮರಳಲು ಒಂದು ಷರತ್ತು ಹಾಕಿದ.

"ಜಯರಾಮಣ್ಣ ಒಂದು ವಾರ ನನ್ನ ಬೈಕಿನಲ್ಲಿ ಹಿಂದೆ ಕೂತ್ಕೊಳ್ಲಿ ಸಾರ್. ನಾನು ಎಲ್ಲಿ ಕೂತು ಬರೆಯುದು ಅಂತ ನೋಡ್ಲಿ."

ಜಯರಾಮ ಹೋದ. ಮೊದಲ ದಿನ ಸಿಟ್ಟಿನಲ್ಲಿ, ಆಮೇಲೆ ಹಾಗಲ್ಲ. ವಾರ ಮುಗಿಸಿ ಬಂದವನು ನನ್ನ ಮೇಜಿನ ಹತ್ತಿರ ನಿಂತು, "ಅವನ ನಮೂನೆ ಚೊಕ್ಕ ಇರುದು ಯಾಕೆ ಗೊತ್ತುಂಟಾ ಮೇಡಂ? ಮನೆಯಲ್ಲಿ ಕೂತು ಇನ್ನೊಮ್ಮೆ ಬರೆಯುದು. ಕ್ಷೇತ್ರದಲ್ಲಿ ಬರೆದದ್ದು ಅವನಿಗೇ ಓದ್ಲಿಕ್ಕೆ ಆಗುದಿಲ್ಲ," ಎಂದ. ಇಬ್ಬರೂ ನಕ್ಕೆವು. ಪ್ರತಿ ಬರೆಯುವಾಗ ಎಷ್ಟು ತಪ್ಪು ಹೊಕ್ಕಿರಬಹುದು ಎಂಬ ಸಂಶಯವೂ ನನಗೆ ಆ ಕ್ಷಣವೇ ಬಂತು. ಅದನ್ನು ಆ ದಿನ ಹೇಳಲಿಲ್ಲ.

ಆ ಕೋಡನ್ನು ಜಯರಾಮ ಬದಲಿಸಿದ. ಈಗ ಅದು ಯಾರನ್ನೂ ತಾನಾಗಿ ಅಳಿಸುವುದಿಲ್ಲ. ಅನುಮಾನದ ಸಾಲು ಸಿಕ್ಕಿದಲ್ಲಿ ನಿಲ್ಲುತ್ತದೆ, ಆ ಸಾಲನ್ನು ಎದುರಿಗಿಟ್ಟು ಏನು ಮಾಡಬೇಕೆಂದು ಕೇಳುತ್ತದೆ. ಮಕ್ಕಳೇ, ನೀವು ಈಗ ಎಐ ಬರೆದುಕೊಟ್ಟ ಕೋಡನ್ನು ತೆಗೆದುಕೊಳ್ಳುತ್ತೀರಿ. ಅದೂ ಯಾರೋ ಎಲ್ಲೋ ಬೇರೆ ಕೆಲಸಕ್ಕೆ ಬರೆದದ್ದರ ಮರುಬಳಕೆಯೇ. ಅದು ಓಡುತ್ತದೆಯೋ ಎಂದಷ್ಟೇ ನೋಡಬೇಡಿ. ಒಳಗೆ ಹೋದವರೆಷ್ಟು, ಹೊರಗೆ ಬಂದವರೆಷ್ಟು ಎಂದು ಎಣಿಸಿ. ನಡುವೆ ಯಾರು ಬಿದ್ದರು ಎಂದು ಹೋಗಿ ನೋಡಿ.

ಅದೇ ಅವಧಿಯ ಕೋಡು ಇನ್ನೆಲ್ಲೆಲ್ಲಿ ಹೋಗಿದೆ ಎಂದು ನಾನು ಹುಡುಕತೊಡಗಿದೆ. ಜಯರಾಮನೂ ಜೊತೆಗೆ ಕೂತ. ಸಿಕ್ಕಿದ್ದು ಹಳೆಯ ಒಂದು ಹೆರಿಗೆ ಸಮೀಕ್ಷೆ. ನೋವು ಶುರುವಾಗಿ ಎಷ್ಟು ಹೊತ್ತಿಗೆ ಮಗು ಹುಟ್ಟಿತು ಎಂಬುದು ಅದರಲ್ಲೊಂದು ಪ್ರಶ್ನೆ. ಸಂಜೆ ನೋವು ಬಂದು, ರಾತ್ರಿ ದಾಟಿ ಹೆತ್ತವರು ಎಷ್ಟು ಮಂದಿಯಿರಬಹುದು, ನೀವೇ ಯೋಚಿಸಿ. ಮೂಲ ಉತ್ತರಗಳನ್ನು ನಿಯಮದಂತೆ ಅಳಿಸಿ ಆಗಿತ್ತು. ಶುದ್ಧಮಾಡಿದ ಫೈಲು ಮಾತ್ರ ಉಳಿದಿತ್ತು. ನಿರ್ದೇಶಕರಲ್ಲಿ ಹೇಳಿದಾಗ, "ಪ್ರಿಂಟಾಗಿ ಹೋದದ್ದನ್ನು ಕೆದಕಿ ಎಂತ ಮಾಡುದು?" ಎಂದರು. ವರದಿ ಪಡೆದವರಿಗೆ ಒಂದು ತಿದ್ದುಪಡಿ ಟಿಪ್ಪಣಿ ಕಳುಹಿಸಲು ಮಾತ್ರ, ನಾನು ಬಿಡದೆ ಕೇಳಿದ ಮೇಲೆ, ಒಪ್ಪಿದರು. ಉತ್ತರ ಯಾರಿಂದಲೂ ಬರಲಿಲ್ಲ.

ನಿವೃತ್ತಿಯ ನಂತರ ಒಂದು ದಿನ ಸುಳ್ಯದ ಹತ್ತಿರದ ಆಲೆಟ್ಟಿಗೆ ಹೋಗಿದ್ದೆ. ನನ್ನ ತಂಗಿಯ ಮಗಳು ಸುಮತಿಯನ್ನು ಕೊಟ್ಟ ಮನೆ ಅದು. ಮಾತಿನ ನಡುವೆ ಈ ಕತೆ ಬಂತು.

"ನಮ್ಮ ಮನೆಗೂ ಬಂದಿದ್ರಲ್ಲ ದೊಡ್ಡಮ್ಮ, ನಿಮ್ಮ ಆಫೀಸಿನವರು," ಎಂದಳು ಸುಮತಿ. "ಪಾಪು ಹುಟ್ಟಿದ ವರ್ಷ. ದೀಪ ಹಚ್ಚುವಾಗ ನೋವು ಶುರು, ಹೆತ್ತದ್ದು ಒಂದು ಗಂಟೆಗೆ, ದಾರಿಯಲ್ಲಿ ಜೀಪಿನಲ್ಲಿಯೇ. ಎಲ್ಲ ಕೇಳಿ ಬರ್ಕೊಂಡು ಹೋದ್ರು. ನಮ್ಮದೆಲ್ಲ ಅದರಲ್ಲಿ ಬಂದಿರ್ಬೇಕಲ್ವಾ?"

ನಾನು ಉತ್ತರ ಕೊಡುವ ಮೊದಲೇ ಒಳಗಿನಿಂದ ಜೀಪಿನಲ್ಲಿ ಹುಟ್ಟಿದ ಆ ಮಗಳೇ ಬೆಲ್ಲ, ನೀರು ತಂದು ನನ್ನೆದುರು ಇಟ್ಟಳು. ಎರಡು ಜಡೆ, ಮುಂದಿನ ಹಲ್ಲು ಒಂದು ಬಿದ್ದಿತ್ತು. ನಾನು ಅವಳನ್ನು ನೋಡುತ್ತಲೇ ಇದ್ದೆ.

"ಎಂತ ಅಜ್ಜಿ, ಹಾಗೆ ನೋಡುದು?"

"ಎಂತ ಇಲ್ಲ ಮಗಾ. ಇಲ್ಲಿ ಬಾ, ಹತ್ತಿರ ಕೂತ್ಕೋ," ಎಂದೆ.